ಎಷ್ಟು ಜನ ಹಿಡಿಸ್ತಾರೆ?

ಹಳೇ ಕಾರಿನ ಹುಚ್ಚು ಹತ್ತಿದವರು ಗಾಡಿ ಕಂಡ ಕೂಡಲೇ ವಿಚಾರಿಸುವುದು ಅದು ಯಾವ ಇಸವಿಯದು, ಎಂಜಿನ್ ಅದರದ್ದೇನಾ, ದೀಪದ ಗಾಜು ಆ ಕಾಲದ್ದೇನಾ ಎಂದು. ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗಿನ ನಮ್ಮ ಸೀಮೆಯಲ್ಲಿ ಇರುವುದು ಒಂದೇ ಪ್ರಶ್ನೆ: "ಎಷ್ಟು ಜನ ಹಿಡಿಸ್ತಾರೆ?" ಏಳು ಎಂದರೆ ಕೇಳಿದವರು ಮನಸ್ಸಿನಲ್ಲೇ ಎರಡರಿಂದ ಗುಣಿಸಿಕೊಳ್ಳುತ್ತಾರೆ. ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ, ಅವು ತೊಡೆಯ ಬಾಬ್ತು.

ಈ ದೃಷ್ಟಿಯಿಂದ ನೋಡಿದರೆ ಭೂಮಿಯ ಮೇಲೆ ಹುಟ್ಟಿದ ಕಾರುಗಳಲ್ಲೆಲ್ಲ ನಮಗೇ ಎಂದು ಹುಟ್ಟಿದ್ದು 1920ರ ದಶಕದ ಟೂರಿಂಗ್ ಕಾರು. ಉದ್ದನೆಯ ಬಾನೆಟ್ಟು, ಹಿಂದಕ್ಕೆ ಮಡಚುವ ಬಟ್ಟೆಯ ಟಾಪು, ಎರಡೂ ಪಕ್ಕದಲ್ಲಿ ಆಳು ನಿಲ್ಲುವಷ್ಟು ಅಗಲದ ಫುಟ್‌ಬೋರ್ಡು. ಇನ್ನೂ ದೊಡ್ಡದಾದರೆ ಮುಂದಿನ ಸೀಟಿನ ಬೆನ್ನಿಗೆ ಮಡಚಿಡುವ ಎರಡು ಪುಟ್ಟ ಸೀಟುಗಳು ಬೇರೆ. ಅಮೆರಿಕದವರು ನಮ್ಮ ಮದುವೆ ದಿಬ್ಬಣ ನೋಡಿದವರಲ್ಲ. ಆದರೂ ಬೀಗರು ಒಳಗೆ, ನೆಂಟರು ಫುಟ್‌ಬೋರ್ಡಿನ ಮೇಲೆ, ಓಲಗದವರು ಹಿಂದೆ ಎಂದು ಯೋಚಿಸಿಯೇ ಮಾಡಿದ್ದಾರೆ ಅನ್ನಿಸುತ್ತದೆ. ಕಿಟಕಿಗೆ ಗಾಜಿಲ್ಲ, ಮಳೆ ಬಂದರೆ ಪಕ್ಕಕ್ಕೆ ಪರದೆ ಕಟ್ಟಿ ಗುಂಡಿ ಹಾಕಿಕೊಳ್ಳಬೇಕು. ನಮ್ಮ ಬಯಲುಸೀಮೆಯಲ್ಲಿ ಆ ಪ್ರಮೇಯ ಹೆಚ್ಚಾಗಿ ಬಂದಿರಲಾರದು. ಧೂಳಿಗೆ ಮಾತ್ರ ಪರದೆ ಕಟ್ಟಿ ಪ್ರಯೋಜನವಿಲ್ಲ, ಬಾಗೇಪಲ್ಲಿ ಕಡೆಯ ಧೂಳು ಗುಂಡಿಯ ತೂತಿನಲ್ಲೇ ಬರುತ್ತದೆ.

ಇಂಥ ಕಾರು ನಮ್ಮ ದೇಶದಲ್ಲಿ ಸಿಗತೊಡಗಿದ್ದು ಬರೀ ಮಹಾರಾಜರ ದಯೆಯಿಂದಲ್ಲ. 1928ರಲ್ಲಿ ಜನರಲ್ ಮೋಟಾರ್ಸ್‌ನವರು ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸಲು ಶುರುಮಾಡಿದರು. ಬಿಡಿ ಭಾಗಗಳು ಹಡಗಿನಲ್ಲಿ ಬರುವುದು, ಇಲ್ಲಿ ಬೋಲ್ಟು ಬಿಗಿದು ಷೆವರ್ಲೆ ಎಂದು ಆಚೆ ಕಳಿಸುವುದು. ಇದನ್ನು ನೋಡಿಕೊಂಡು ಸುಮ್ಮನಿರಲು ಸಾಧ್ಯವಾಗದವರೊಬ್ಬರು ನಮ್ಮ ಜಿಲ್ಲೆಯವರೇ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪು, ಅಮೆರಿಕ ಸುತ್ತಿ, ಕಾರ್ಖಾನೆಗಳನ್ನು ನೋಡಿ, ಇಲ್ಲೇ ಕಾರು ತಯಾರಿಸುವ ಯೋಜನೆ ಬರೆದುಕೊಂಡು ಬಂದರು. ಮೈಸೂರು ಸಂಸ್ಥಾನ ಬೆಂಬಲಕ್ಕೆ ನಿಂತರೂ ಬ್ರಿಟಿಷ್ ಸರ್ಕಾರ ಸೊಪ್ಪು ಹಾಕಲಿಲ್ಲ. ಅವರ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಅದೇ ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೇ ತೆರೆದರು. ಕಾರು ಬೇಡ ಎಂದವರ ಮುಂದೆಯೇ ವಿಮಾನ! ಕಾರಿನ ಕಂಪನಿ ಮಾತ್ರ ಮುಂಬಯಿಗೆ ಹೋಯಿತು. 1944ರಲ್ಲಿ ಅಲ್ಲಿ ಹುಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಡಾಡ್ಜ್, ಪ್ಲೈಮೌತ್, ಡಿಸೋಟೊಗಳನ್ನು ಜೋಡಿಸಿತು. ಒಂದೇ ಮನೆತನದ ಈ ಮೂವರನ್ನು ದೂರದಿಂದ ಗುರುತಿಸುವುದೇ ನಮ್ಮ ಹಿರಿಯರಿಗೆ ಪಂದ್ಯ.

1950ರ ದಶಕದಲ್ಲಿ ಸರ್ಕಾರ, ಇಲ್ಲೇ ತಯಾರಿಸುವುದಾದರೆ ಇರಿ, ಬರೀ ಜೋಡಿಸುವವರಾದರೆ ನಡೆಯಿರಿ ಎಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ಹೊಸ ದೊಡ್ಡ ಕಾರು ಬರುವುದು ನಿಂತ ಮೇಲೆ ಇದ್ದವೇ ಕೈ ಬದಲಾಯಿಸಿಕೊಂಡು ಇಳಿಯತೊಡಗಿದವು: ದಿವಾನರಿಂದ ವಕೀಲರಿಗೆ, ವಕೀಲರಿಂದ ಮಂಡಿಯವರಿಗೆ, ಮಂಡಿಯವರಿಂದ ಬಾಡಿಗೆಗೆ ಬಿಡುವವರಿಗೆ. ಹೀಗೆ ನಮ್ಮ ರಸ್ತೆಗೆ ಬಂದ ಪ್ಲೈಮೌತಿನಲ್ಲಿ ಡ್ರೈವರು ಒಂದು ಕಾಲು ಹೊರಗಿಟ್ಟೇ ಓಡಿಸುತ್ತಿದ್ದನೆಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ಅವನ ಬಲಗಡೆಯೂ ಒಬ್ಬ ಟಿಕೆಟ್ಟಿನ ಗಿರಾಕಿ. ಬೆಳಗಿನ ಜಾವ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಒಯ್ಯಲೂ ಅದೇ ಕಾರು. ಗೂಡನ್ನು ಒತ್ತಿ ತುಂಬುವಂತಿಲ್ಲ, ಬಿಸಿಯಾಗಿ ಕೆಡುತ್ತದೆ, ಗಾಳಿಯಾಡಬೇಕು. ಆದ್ದರಿಂದ ಗೂಡಿಗೆ ಸೀಟು, ರೈತನಿಗೆ ಫುಟ್‌ಬೋರ್ಡು. ಪೆಟ್ರೋಲು ಲೀಟರಿಗೆ ಐದಾರು ಕಿಲೋಮೀಟರು ಕೊಟ್ಟರೆ ಹೆಚ್ಚು ಎನ್ನುವ ಸ್ಥಿತಿ ಬಂದಾಗ ಆರು ಸಿಲಿಂಡರಿನ ಎಂಜಿನ್ನು ಕಿತ್ತು ಪರ್ಕಿನ್ಸ್ ಡೀಸೆಲ್ ಕೂರಿಸಿದರಂತೆ. ಅಂದಿನಿಂದ ಕಾರು ಬರುವುದು ಕಾಣುವ ಮೊದಲೇ ಕೇಳತೊಡಗಿತು.

ನನ್ನ ಷಡ್ಡಕರಿಗೆ ಈ ಕಥೆ ಹೇಳಿದರೆ ಕಣ್ಣಲ್ಲಿ ನೀರು ಬರುತ್ತದೆ. ಪರ್ಕಿನ್ಸ್ ಎಂಬ ಮಾತಿಗಂತೂ ಎದೆ ಹಿಡಿದುಕೊಳ್ಳುತ್ತಾರೆ. ಅವರು ಬೆಂಗಳೂರಿನವರು, ಸಂಗ್ರಾಹಕರು. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರ 'ಪಯಣ' ಮ್ಯೂಸಿಯಮ್ಮಿಗೆ ಹೋದರೆ ದೇವಸ್ಥಾನಕ್ಕೆ ಹೋದವರ ಹಾಗೆ ಕೈ ಕಟ್ಟಿ ಪ್ರದಕ್ಷಿಣೆ ಬರುತ್ತಾರೆ. 2021ರ ಕೇಂದ್ರದ ನಿಯಮ ಅವರಿಗೆ ಬಾಯಿಪಾಠ. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಎಂಬ ಅಕ್ಷರದ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ವಾಯಿದೆ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲು ಹಾಕಿಸುವುದಕ್ಕೆ ತೆಗೆಯಬಹುದು, ದಿನನಿತ್ಯ ಓಡಿಸುವಂತಿಲ್ಲ. ಪೆಟ್ರೋಲು ಹಾಕಿಸಲು ಹೋಗಬಹುದು, ಅದನ್ನು ಖರ್ಚು ಮಾಡಲು ಹೋಗಬಾರದು. ಸರ್ಕಾರ ಅಪರೂಪಕ್ಕೆ ಮಾಡುವ ತಮಾಷೆಗಳಲ್ಲಿ ಇದನ್ನು ನಾನು ಮೇಲುಮಟ್ಟದ್ದೆಂದು ಎಣಿಸುತ್ತೇನೆ.

ಗೌರಿಬಿದನೂರಿನ ಆಚೆ ಒಂದು ಹಳ್ಳಿಯಲ್ಲಿ ಹಳೇ ಷೆವರ್ಲೆ ಇದೆಯಂತೆ ಎಂದು ಯಾರೋ ಹೇಳಿದ್ದೇ ತಡ, ಷಡ್ಡಕರು ಟಾರ್ಚು, ಆಯಸ್ಕಾಂತ, ಬಿಳಿ ಕೈಗವಸು ಹಿಡಿದು ನನ್ನನ್ನೂ ಹೊರಡಿಸಿದರು. ಕಾರು ಹಿತ್ತಲಿನಲ್ಲಿತ್ತು. ಚಕ್ರಗಳಿಲ್ಲ, ನಾಲ್ಕು ಮೂಲೆಗೂ ಸೈಜುಗಲ್ಲು. ಟಾಪಿನ ಬಟ್ಟೆ ಯಾವ ಕಾಲಕ್ಕೋ ಹೋಗಿ ಕಬ್ಬಿಣದ ಕಮಾನು ಮಾತ್ರ ಉಳಿದಿದ್ದು, ಅದರ ಮೇಲೆ ಹೀರೆ ಬಳ್ಳಿ ಸೊಗಸಾಗಿ ಹಬ್ಬಿತ್ತು. ಸ್ಟೇರಿಂಗಿನ ಮಟ್ಟಕ್ಕೆ ಎರಡು ಹೀರೇಕಾಯಿ ಇಳಿಬಿದ್ದಿದ್ದವು. ಷಡ್ಡಕರು ಮಡ್‌ಗಾರ್ಡಿಗೆ ಆಯಸ್ಕಾಂತ ಹಚ್ಚಿದರು, ಅಂಟಿಕೊಂಡಿತು. ತಗಡು ಅಸಲಿ! ನಡುಗುವ ಕೈಯಲ್ಲಿ ಬಾನೆಟ್ ಎತ್ತಿದರು. ಒಳಗೆ ಬೆರಣಿ.

"ಎಂಜಿನ್ ಎಲ್ಲಜ್ಜಿ?"

"ಅದು ಬಾವಿಗೆ ನೀರೆತ್ತೋಕೆ ಹೋಯ್ತಪ್ಪ, ನಮ್ ಯಜಮಾನ್ರು ಇದ್ದಾಗ್ಲೇ. ಬಾವಿ ಬತ್ತಿದ್ ಮೇಲೆ ಗುಜರಿಗೆ ಹೋಯ್ತು."

ಷಡ್ಡಕರು ಕೈಗವಸು ಬಿಚ್ಚಿ ಹಣೆ ಒರೆಸಿಕೊಂಡರು. ಮೂಲ ರೂಪ ಹೋಯಿತು, ವಿಎ ನಂಬರು ಹೋಯಿತು. ಆದರೂ ಆಸೆ ಬಿಡಲಿಲ್ಲ, ರೇಟು ಕೇಳಿದರು. ಅಜ್ಜಿ ಅದಕ್ಕೆ ಉತ್ತರ ಕೊಡದೆ, ತಗೊಂಡು ಹೋಗಿ ಏನು ಮಾಡುತ್ತೀರಿ ಎಂದರು.

"ತುಕ್ಕು ತೆಗೆಸಿ, ಬಣ್ಣ ಹಾಕಿಸಿ, ಮನೇಲಿ ಇಡ್ತೀವಿ."

"ಯಾರೂ ಕೂತ್ಕೊಳಲ್ವಾ?"

"ಕೂತ್ರೆ ಸೀಟು ಹಾಳಾಗುತ್ತಜ್ಜಿ."

"ಹಂಗಾದ್ರೆ ಇಲ್ಲೇ ಇರ್ಲಿ ಬಿಡಪ್ಪ. ಇಲ್ಲಿ ಕೋಳಿಗಳಾದ್ರೂ ಕೂತವೆ."

ನಿಜವೇ. ಹಿಂದಿನ ಸೀಟಿದ್ದ ಜಾಗದಲ್ಲಿ ಹುಲ್ಲು ಹಾಸಿತ್ತು. ಏಳು ಕೋಳಿಗಳು ಧಾರಾಳವಾಗಿ ಹಿಡಿಸಿದ್ದವು. ಅವುಗಳಲ್ಲಿ ಒಂದು ನಮ್ಮನ್ನು ನೋಡಿ ಗರಿ ಉಬ್ಬಿಸಿತೇ ಹೊರತು ಮೇಲೇಳಲಿಲ್ಲ. ಚೌಕಾಸಿ ಅರ್ಧ ಗಂಟೆ ನಡೆದು, ಅಜ್ಜಿಯ ಮಗ ಹೊಲದಿಂದ ಬಂದು, ಕಾಫಿ ಆಗಿ, ಕೊನೆಗೆ ಒಂದು ಮೊತ್ತಕ್ಕೆ ಎಲ್ಲರೂ ತಲೆಯಾಡಿಸಿದರು. ಅಜ್ಜಿ ಒಂದೇ ಷರತ್ತು ಹಾಕಿದರು: ಕೋಳಿ ನೆನ್ನೆ ತಾನೇ ಕಾವಿಗೆ ಕೂತಿದೆ, ಇಪ್ಪತ್ತೊಂದು ದಿನ ಕಾರನ್ನು ಯಾರೂ ಅಲ್ಲಾಡಿಸಕೂಡದು.

ಷಡ್ಡಕರು ಮೊಬೈಲು ತೆಗೆದು ತಾರೀಖು ಗುರುತು ಹಾಕಿಕೊಂಡು, ಮರಿಗಳು ಸೀಟಿನ ಸ್ಪ್ರಿಂಗಿಗೆ ಏನೂ ಮಾಡುವುದಿಲ್ಲ ತಾನೇ ಎಂದು ನನ್ನ ಕಿವಿಯಲ್ಲಿ ಕೇಳಿದರು.