ಬೈಟೂ ಕಾಫಿ ಬೆಲೆಯ ವಾಷರ್

ನಮ್ಮ ವ್ಯಾನಿಗೆ ಹಾರ್ನೇ ಬೇಕಿರಲಿಲ್ಲ. ಬೀದಿ ತಿರುವಿನಲ್ಲೇ 'ಚುಸ್ ಚುಸ್' ಅನ್ನುತ್ತಿತ್ತು. ಆ ಸದ್ದಿಗೆ ಮನೆಯಾಕೆ ಕಾಫಿಗೆ ಹಾಲಿಡುತ್ತಿದ್ದಳು. ವಯಸ್ಸಾದ ಡೀಸೆಲ್ ಗಾಡಿ, ಏದುಸಿರು ಬಿಡದೆ ಇನ್ನೇನು, ನಾನು ಬಿಡೋದಿಲ್ಲವೇ ಅಂತ ಸುಮ್ಮನಿದ್ದೆ. ಆದರೆ ಸೀಟಿನಡಿಯ ಎಂಜಿನ್ನಿನಿಂದ ಹೊಗೆವಾಸನೆ ಮೇಲೆದ್ದು, ಮದುವೆಗೆ ಹೊರಟಿದ್ದ ಅತ್ತಿಗೆಯ ರೇಷ್ಮೆ ಸೀರೆಗೆ ಹತ್ತಿದ ದಿನ ಗ್ಯಾರೇಜಿನ ದಾರಿ ಹಿಡಿಯಲೇಬೇಕಾಯಿತು.

ಮೇಸ್ತ್ರಿ ಸೀಟು ಎತ್ತಿ ನೋಡಿದ. "ಇಂಜೆಕ್ಟರ್ ಬುಡಕ್ಕೆ ಡಾಂಬರು ಹಾಕ್ಸಿದೀರಲ್ಲ ಸಾರ್, ಯಾವ ಕಾಂಟ್ರಾಕ್ಟರು?"

ಡೀಸೆಲಿಗೆ ಕಿಡಿ ಬೇಡ. ಗಾಳಿಯನ್ನು 16–18 ಪಟ್ಟು ಹಿಂಡಿದರೆ ಆ ಕಾವಿಗೇ ಹೊತ್ತಿಕೊಳ್ಳುತ್ತದೆ. ಆಗ ಏಳುವ ಒತ್ತಡ 100 ಬಾರ್‌ಗೂ ಹೆಚ್ಚು, ಲಾರಿ ಟೈರಿನ ಗಾಳಿಯ ಹತ್ತು ಪಟ್ಟಿಗೂ ಮೀರಿದ್ದು. ಆ ಒತ್ತಡ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಪಕ್ಕದಿಂದ ನುಸುಳದಂತೆ ತಡೆಯುವುದು ಉಂಗುರಕ್ಕಿಂತ ಚಿಕ್ಕದೊಂದು ತಾಮ್ರದ ವಾಷರ್. ಅದು ಸೋತರೆ 'ಚುಸ್ ಚುಸ್' ಎಂದು ನುಸುಳಿದ ಹೊಗೆ, ಮಸಿ, ಎಣ್ಣೆ ಎಲ್ಲ ಬೆಂದು ಡಾಂಬರಾಗುತ್ತವೆ.

ಇಂಜೆಕ್ಟರೋ, ಹನ್ನೊಂದು ತಿಂಗಳ ಕರಾರು ಮುಗಿದರೂ ಕದಲದ ಬಾಡಿಗೆದಾರ. ಬುಡಕ್ಕೆ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ಅತ್ತಿತ್ತ ತಿರುಗಿಸಿ ಪುಸಲಾಯಿಸಿದ ಮೇಲೇ ಜಾಗ ಖಾಲಿ ಮಾಡಿದ್ದು.

ನನ್ನ ಜುಗ್ಗತನ ಜಾಗೃತವಾಯಿತು. "ಹಳೇ ವಾಷರನ್ನೇ ಕೆಂಪಗೆ ಕಾಸಿ ಹಾಕಪ್ಪ, ತಾಮ್ರ ಮೆತ್ತಗಾಗುತ್ತೆ."

"ಮೆತ್ತಗಾಗುತ್ತೆ, ದಪ್ಪ ಆಗಲ್ಲವಲ್ಲ! ಜಜ್ಜಿ ತೆಳುವಾಗಿರೋದನ್ನ ಹಾಕಿದ್ರೆ ನಾಝಲ್ ಮೂತಿ ಇನ್ನೂ ಒಳಗೆ ಇಳಿಯುತ್ತೆ. ಬೈಟೂ ಕಾಫಿ ದುಡ್ಡಿಗೆ ಎಂಜಿನ್ ಕಳ್ಕೋತೀರಾ?"

ಕಸ ಸಿಲಿಂಡರಿಗೆ ಬೀಳದಂತೆ ತೂತಿಗೆ ಗ್ರೀಸ್ ಬಟ್ಟೆ ತುರುಕಿ, ವಾಷರ್ ಕೂರುವ ಜಾಗವನ್ನು ಕಟರಿನಿಂದ ಕನ್ನಡಿಯಂತೆ ಮಾಡಿದ. ಒಂದು ಕಣ ಮಸಿ ಉಳಿದರೂ ಹೊಸ ವಾಷರ್ ದಂಡವಂತೆ. ಕೊನೆಗೆ ಹೊಸ ಬೋಲ್ಟು, ಟಾರ್ಕ್ ಸ್ಪ್ಯಾನರು. "ಇನ್ನೊಂಚೂರು ಬಿಗಿ ಮಾಡು" ಅಂದೆ. "ಬೋಲ್ಟು ಮುರಿದ್ರೆ ಹೆಡ್ಡೇ ಇಳಿಸಬೇಕು, ಮಾಡಲಾ?" ಅಂದ. ತೆಪ್ಪಗಾದೆ.

ಬಿಲ್ಲಿನಲ್ಲಿ ನಾಲ್ಕೂ ಇಂಜೆಕ್ಟರಿನ ವಾಷರುಗಳದು ಅತಿ ಸಣ್ಣ ಸಾಲು, ಎರಡು ದಿನದ ಕೂಲಿ ಅತಿ ದೊಡ್ಡದು. ಮನೆಯಲ್ಲಿ ವಿವರಿಸಿದೆ: "ಎರಡು ಗಟ್ಟಿ ಲೋಹದ ನಡುವೆ ಮೆತ್ತಗಿರೋದು ಅದೊಂದೇ. ಜಜ್ಜಿಸಿಕೊಂಡು ಇಬ್ಬರನ್ನೂ ಕೂಡಿಸಿ ಇಡುತ್ತೆ."

"ನಿಮಗೂ ನಿಮ್ಮಮ್ಮನಿಗೂ ನಡುವೆ ಇಪ್ಪತ್ತು ವರ್ಷದಿಂದ ಇದ್ದೀನಿ, ನನಗೇ ಹೇಳ್ತೀರಾ?" ಅಂದಳು.

ಮಾತು ಬದಲಿಸಲು ಕಾಫಿ ಕೇಳಿದೆ.

"ನೀವು ಬಂದದ್ದೇ ಕೇಳಿಸಲಿಲ್ಲ. ಹಾಲು ಇನ್ನೂ ಫ್ರಿಜ್ಜಿನಲ್ಲಿದೆ."