ಗಾಜೊಂದೇ ಬರಲ್ಲ ಸರ್

(ಬೆಂಗಳೂರಿನ ಒಂದು ಸರ್ವಿಸ್ ಸೆಂಟರ್. ಸಲಹೆಗಾರನ ಕೈಯಲ್ಲಿ ಟ್ಯಾಬ್, ಗ್ರಾಹಕರ ಕೈಯಲ್ಲಿ ಪುಕ್ಕಟೆ ಕಾಫಿ. ಇಲ್ಲಿ ಪುಕ್ಕಟೆ ಅದೊಂದೇ.)

ಗ್ರಾಹಕ: ಬಲಗಡೆ ಮಿರರ್ ಗಾಜು ಒಡೆದಿದೆ ನೋಡಪ್ಪ. ಅದೊಂದು ಹಾಕ್ಕೊಡಿ.

ಸಲಹೆಗಾರ: ಗಾಜೊಂದೇ ಬರಲ್ಲ ಸರ್. ಮೋಟರು, ಇಂಡಿಕೇಟರು, ಕವರು ಸೇರಿ ಫುಲ್ ಅಸೆಂಬ್ಲಿ.

ಗ್ರಾಹಕ: ಮೋಟರು ಚೆನ್ನಾಗಿದೆಯಲ್ಲಪ್ಪ!

ಸಲಹೆಗಾರ: ಹೊಸದೂ ಚೆನ್ನಾಗೇ ಇರುತ್ತೆ ಸರ್.

ಗ್ರಾಹಕ: ಯಾವತ್ತು ಬರುತ್ತೆ?

ಸಲಹೆಗಾರ: ಸಿಸ್ಟಮ್ ಡೇಟ್ ತೋರಿಸ್ತಿಲ್ಲ. ಅಡ್ವಾನ್ಸ್ ಎಷ್ಟು ಅಂತ ಮಾತ್ರ ತೋರಿಸ್ತಿದೆ.

ಗ್ರಾಹಕ: ಅಲ್ಲೀವರೆಗೆ ಹಿಂದೆ ಬರೋ ಲಾರಿ ಹೇಗೆ ನೋಡ್ಲಿ?

ಸಲಹೆಗಾರ: ಅಲ್ಲೀವರೆಗೆ ಎಂಜಿನ್ ಡ್ರೆಸ್ಸಿಂಗ್, ಎ.ಸಿ. ಕ್ಲೀನಿಂಗ್ ಮಾಡಿಸ್ಬಿಡಿ ಸರ್. ಅದೆಲ್ಲ ಸ್ಟಾಕಿದೆ.

ಗ್ರಾಹಕ: ಜೆ.ಸಿ. ರಸ್ತೇಲಿ ಬರೀ ಗಾಜು ಸಿಗುತ್ತಂತೆ.

ಸಲಹೆಗಾರ: (ಕೆನ್ನೆ ಬಡಿದುಕೊಂಡು) ಹೊರಗಡೆ ಪಾರ್ಟ್ ಹಾಕಿದ್ರೆ ವಾರಂಟಿ ಹೋಗುತ್ತೆ ಸರ್!

ಗ್ರಾಹಕ: ಅದು ಹೋಗಿ ವರ್ಷವಾಯ್ತು.

ಸಲಹೆಗಾರ: ಹಾಗಾದ್ರೆ ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಿ, ಆಫರಿದೆ.

ಗ್ರಾಹಕ: 2025ರ ಸೆಪ್ಟೆಂಬರಲ್ಲಿ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳೀತಲ್ಲ, ನಿಮ್ಮ ಎಸ್ಟಿಮೇಟ್ ಯಾಕೆ ಇಳಿದಿಲ್ಲ?

ಸಲಹೆಗಾರ: ತೆರಿಗೆ ಇಳಿದಿದೆ ಸರ್. ‘ಕನ್ಸ್ಯೂಮಬಲ್ಸ್’ ಏರಿದೆ.

ಗ್ರಾಹಕ: ಅಂದ್ರೆ?

ಸಲಹೆಗಾರ: ಒರೆಸೋ ಬಟ್ಟೆ, ಗ್ರೀಸು... ಆಮೇಲೆ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ಹತ್ತಕ್ಕೆ ಹತ್ತು ಕೊಡಿ ಸರ್. ಒಂಬತ್ತು ಕೊಟ್ರೂ ನನ್ನ ಇನ್ಸೆಂಟಿವ್ ಕಟ್!

(ಈ ಹುಡುಗನ ಮೇಲೆ ಸಿಟ್ಟು ಮಾಡಿಕೊಂಡು ಫಲವಿಲ್ಲ; ಅವನೂ ಸಿಸ್ಟಮ್ ತೋರಿಸಿದ್ದನ್ನೇ ಓದುವವನು.)

ಓದುಗರೇ, ಜಾಬ್ ಕಾರ್ಡ್ ಪೂರ್ತಿ ಓದದೆ ಸಹಿ ಹಾಕಬೇಡಿ. ಬಿಚ್ಚಿದ ಹಳೇ ಪಾರ್ಟನ್ನು ಕೇಳಿ ತೆಗೆದುಕೊಳ್ಳಿ.