ದೇವದೂತರ ಪಾಲೂ ನಾಯಿಯ ಪಾಲೂ

ಹೆಂಡದಂಗಡಿಯ ಮುಂದೆ ಹಾಯುವಾಗ ರಸ್ತೆಯ ಆಚೆಬದಿಯನ್ನೇ ಹಿಡಿಯುವ ಮನೆತನದಲ್ಲಿ ಹುಟ್ಟಿದ ನಾನು ಸ್ಕಾಟ್‌ಲೆಂಡಿನ ವಿಸ್ಕಿ ಭಟ್ಟಿಗಳ ವೃತ್ತಾಂತವನ್ನು ಓದತೊಡಗಿದುದು ಕೇವಲ ಜ್ಞಾನದಾಹದಿಂದ ಎಂದರೆ ನಂಬುವವರು ಕಡಮೆ. ಆದರೂ, ಅಲ್ಲಿ ಸುಮಾರು 1970ರ ದಶಕದವರೆಗೆ ಕೂಲಿಗಾರರಿಗೆ ಕೆಲಸಕ್ಕೆ ಬಂದೊಡನೆಯೂ, ನಡುಹಗಲಿನಲ್ಲಿಯೂ, ಮನೆಗೆ ಹೊರಡುವಾಗಲೂ ಯಜಮಾನರ ವತಿಯಿಂದಲೇ ಒಂದೊಂದು ‘ಡ್ರ್ಯಾಮ್’, ಎಂದರೆ ಒಂದೊಂದು ಗುಟುಕು ವಿಸ್ಕಿ, ಸಲ್ಲುತ್ತಿತ್ತೆಂದು ತಿಳಿದಂದಿನಿಂದ ಶ್ರಮಜೀವನದ ಮಹತ್ತ್ವವನ್ನು ಇನ್ನಷ್ಟು ಆದರದಿಂದ ಕಾಣತೊಡಗಿದ್ದೇನೆ. ಅದೂ ಅಂಗಡಿಯಲ್ಲಿ ದೊರೆಯುವ ಹೊಂಬಣ್ಣದ ಸಾಧು ವಿಸ್ಕಿಯಲ್ಲ. ಭಟ್ಟಿಯಿಂದ ಆಗತಾನೆ ಇಳಿದ, ನೋಟಕ್ಕೆ ನಿರ್ಮಲವಾದ, ಶೇಕಡ 60ಕ್ಕೂ ಮೀರಿ ಮದ್ಯಸಾರವುಳ್ಳ ‘ಕ್ಲಿಯರಿಕ್’. ಕೊಳೆಯ ಕೆಲಸಕ್ಕೆ ಇಳಿದವನಿಗೆ ಮೇಲೊಂದು ಗುಟುಕು ದೊರೆಯುತ್ತಿತ್ತಾದುದರಿಂದ, ಸ್ವಚ್ಛತೆಯ ಪ್ರಚಾರಕರಿಗೆ ಅಲ್ಲಿ ಹೆಚ್ಚು ಶಿಷ್ಯರು ದೊರೆತಿರಲಾರರು.

ಇಷ್ಟರಿಂದ ತೃಪ್ತಿಪಡದವನು ‘ನಾಯಿ’ಯನ್ನು ಸಾಕುತ್ತಿದ್ದನು. ಇದು ಬೊಗಳುವ ಪ್ರಾಣಿಯಲ್ಲ. ಒಂದು ತುದಿಗೆ ಪೆನ್ನಿ ನಾಣ್ಯವನ್ನು ಬೆಸೆದು, ಇನ್ನೊಂದಕ್ಕೆ ಬಿರಡೆ ಜಡಿದ ತಾಮ್ರದ ಕೊಳವೆ. ಉಗ್ರಾಣದ ಮಬ್ಬಿನಲ್ಲಿ ಪೀಪಾಯಿಯ ಬಾಯೊಳಗಿಳಿದು ಹೊಟ್ಟೆ ತುಂಬಿಸಿಕೊಂಡು, ದಾರದಿಂದ ತೂಗಿ, ಷರಾಯಿಯೊಳಗೆ ತೊಡೆಗೆ ಅಂಟಿಕೊಂಡು, ಅಬಕಾರಿ ಅಧಿಕಾರಿಯ ಕಣ್ಣೆದುರಿಗೇ ಅದು ಗಂಭೀರವಾಗಿ ಮನೆಗೆ ಬರುತ್ತಿತ್ತು. ಒಡೆಯನ ಮಗ್ಗುಲನ್ನು ಬಿಟ್ಟಗಲದ ಸ್ವಾಮಿನಿಷ್ಠೆಗೆ ಆ ನಾಮಧೇಯ. ಭಟ್ಟಿಯಿಂದ ಹರಿಯುವ ಸಾರವನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದ ಸರ್ಕಾರಕ್ಕೆ, ಒಂದು ಕಾಲನ್ನು ಮಡಿಸಲಾರದ ಇಷ್ಟು ಮಂದಿ ವಾತರೋಗಿಗಳು ಒಂದೇ ಊರಿನಲ್ಲಿ ಏಕೆ ನೆರೆದರೆಂಬ ಶಂಕೆ ಬಂದಿತೋ ಇಲ್ಲವೋ!

ನಾಯಿ ಸಿಕ್ಕಿಬಿದ್ದರೆ ಅಪರಾಧ. ದೇವದೂತರಿಗೆ ಮಾತ್ರ ಸುಂಕದ ವಿನಾಯಿತಿ. ಪೀಪಾಯಿಯ ಮರದ ಮೂಲಕ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಆವಿಯಾಗಿ ಹೋಗುವುದನ್ನು ಅಲ್ಲಿನವರು ‘ದೇವದೂತರ ಪಾಲು’ ಎಂದು ಭಕ್ತಿಯಿಂದ ಬರೆದುಕೊಳ್ಳುತ್ತಾರೆ. ಬೆಂಗಳೂರಿನ ಬಿಸಿಲಿನಲ್ಲಿ ಈ ನೈವೇದ್ಯ ಶೇಕಡ 10ನ್ನೂ ದಾಟುವುದರಿಂದ, ಇಲ್ಲಿನ ಅಮೃತ್ ಸಂಸ್ಥೆಯವರು ತಮ್ಮದೊಂದು ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ ಎಂದು ಹೆಸರಿಟ್ಟು, ನಮ್ಮೂರಿನ ದೇವತೆಗಳ ಹೊಟ್ಟೆಬಾಕತನವನ್ನು ಸೀಸೆಯ ಮೇಲೆಯೇ ಅಚ್ಚು ಹಾಕಿಸಿದರು.

ದೇವತೆಗಳು ಇದನ್ನು ಪ್ರಶಸ್ತಿಯೆಂದೇ ಭಾವಿಸಿರಬಹುದು. ಆದರೆ ವಿಸ್ಕಿಗೆ ಬೇಕಾದ, ಮೊಳಕೆಯೊಡೆದ ಬಾರ್ಲಿಯನ್ನು ಮರದ ಸಲಿಕೆಯಿಂದ ಹಗಲಿರುಳು ತಿರುವಿ ತಿರುವಿ ಭುಜ ಜಗ್ಗಿ, ಕೈ ಜೋತುಬೀಳುವ ವ್ಯಾಧಿಗೆ ಆ ಕೂಲಿಗಾರರೇ ಕೊಟ್ಟುಕೊಂಡ ‘ಮಂಕಿ ಶೋಲ್ಡರ್’ ಎಂಬ ಹೆಸರು 2005ರಲ್ಲಿ ಒಂದು ವಿಸ್ಕಿಯ ಹೆಸರಾಗಿ ಮಾರುಕಟ್ಟೆಗೆ ಬಂದಿತು. ನಮ್ಮ ಕಡೆ ‘ಸೊಂಟದ ಹಿಡಿತ’ ಎಂಬ ಸೋನಾಮಸೂರಿ ಅಂಗಡಿಗೆ ಬಂದರೆ, ನಾಟಿ ಹಾಕಿದ ಹೆಂಗಸರು ಅದನ್ನು ಕೊಂಡಾರೆಂದು ನನಗೆ ತೋರುವುದಿಲ್ಲ.